ಫೋನ್ ನಂಬರ್ ಎಡಗಡೆಯಿಂದ ಮುಗಿಯುತ್ತದೆ

ಮಣಿಪಾಲದ ಆಸ್ಪತ್ರೆಯದ್ದೋ ಕಾಲೇಜಿನದ್ದೋ ಹಳೆಯ ಕಾಗದ ಮನೆಯಲ್ಲಿ ಇದ್ದರೆ ಒಮ್ಮೆ ತೆಗೆದು ಅದರ ಮೇಲಿನ ಫೋನ್ ನಂಬರ್ ನೋಡಿ. 1990ರ ದಶಕದ ಕಾಗದವಾದರೆ ಎಸ್‌ಟಿಡಿ ಕೋಡ್ 08252 ಎಂದಿರುತ್ತದೆ. ಅದರ ನಂತರ 70 ಅಥವಾ 71 ಎಂದು ಶುರುವಾಗುವ ಐದೇ ಅಂಕೆಯ ನಂಬರ್. ಕೆಲವು ವರ್ಷ ಕಳೆದ ಮೇಲೆ ಅಚ್ಚಾದ ಕಾಗದದಲ್ಲಿ ಅದೇ ನಂಬರಿನ ಎಡಕ್ಕೆ ಒಂದು 5 ಸೇರಿ 571 ಆಗಿರುತ್ತದೆ. ಇನ್ನೂ ಸ್ವಲ್ಪ ವರ್ಷ ಬಿಟ್ಟು ನೋಡಿದರೆ ಅದರ ಎಡಕ್ಕೂ ಒಂದು 2 ಬಂದು ಕೂತಿದೆ. ಈಗ ಅದು 2571. ಕೋಡ್ ಕೂಡ 08252 ಹೋಗಿ 0820 ಆಗಿದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬಲಗಡೆಯ ಐದು ಅಂಕೆಗಳನ್ನು ಯಾರೂ ಮುಟ್ಟಲಿಲ್ಲ. ಬದಲಾದದ್ದೆಲ್ಲ ಎಡಗಡೆ. ಮಂಗಳೂರಿನಲ್ಲೂ ಹೀಗೇ. ಆರು ಅಂಕೆಯ ನಂಬರ್‌ಗಳಿಗೆ 2000ದ ದಶಕದ ಶುರುವಿನಲ್ಲಿ ಎಡಕ್ಕೆ 2 ಸೇರಿ ಏಳು ಅಂಕೆಯಾಯಿತು. ಸುರತ್ಕಲ್ ಕಡೆಯ 47 ಎಂಬುದು 247 ಆಯಿತು.

ಇದಕ್ಕೆ ಕಾರಣ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: ಫೋನ್ ಜಾಸ್ತಿ ಆಯಿತು, ನಂಬರ್ ಸಾಕಾಗಲಿಲ್ಲ. ಇದು ಅರ್ಧ ಮಾತ್ರ ಸರಿ. ಐದು ಅಂಕೆಯಲ್ಲಿ 00000ದಿಂದ 99999ರವರೆಗೆ ಒಂದು ಲಕ್ಷ ನಂಬರ್ ಆಗುತ್ತದೆ. ಉಡುಪಿ, ಮಣಿಪಾಲ ಸೇರಿದರೂ ಆ ಕಾಲಕ್ಕೆ ಒಂದು ಲಕ್ಷ ಫೋನ್ ಎಲ್ಲಿತ್ತು? ಆದರೂ ಅಂಕೆ ಸೇರಿಸಬೇಕಾಯಿತು. ಅಂದರೆ ನಂಬರ್ ಮುಗಿಯುವುದು ಎಲ್ಲ ನಂಬರ್‌ಗಳೂ ಒಂದೊಂದು ಮನೆಗೆ ಹೋದ ಮೇಲೆ ಅಲ್ಲ. ಅದಕ್ಕಿಂತ ತುಂಬ ಮೊದಲೇ, ಎಡಗಡೆಯ ಒಂದೆರಡು ಅಂಕೆಗಳಲ್ಲಿ ಜಾಗ ಮುಗಿದಾಗ. ಬಲಗಡೆ ಸಾವಿರಾರು ನಂಬರ್ ಸುಮ್ನೆ ಬಿದ್ದಿರುತ್ತವೆ. ಅವುಗಳನ್ನು ತಲುಪುವ ದಾರಿ ಎಡಗಡೆ ಬೇರೆ ಯಾರದೋ ಹೆಸರಿಗೆ ಹೋಗಿರುತ್ತದೆ.

ಹೀಗೆ ಯಾಕಾಗುತ್ತದೆ ಎಂದು ತಿಳಿಯಲು, ಕಾಲ್ ಜೋಡಿಸಿಕೊಡುವ ಟೆಲಿಫೋನ್ ಎಕ್ಸ್‌ಚೇಂಜ್ ನಾವು ಒತ್ತಿದ ನಂಬರನ್ನು ಹೇಗೆ ಓದುತ್ತದೆ ಎಂದು ನೋಡಬೇಕು.

ಎಕ್ಸ್‌ಚೇಂಜ್ ಒಂದೊಂದೇ ಅಂಕೆ ಓದುತ್ತದೆ

ಮೊಬೈಲಿನಲ್ಲಿ ನಾವು ಪೂರ್ತಿ ನಂಬರ್ ಒತ್ತಿ, ಆಮೇಲೆ ಹಸಿರು ಬಟನ್ ಒತ್ತುತ್ತೇವೆ. ಹತ್ತೂ ಅಂಕೆ ಒಟ್ಟಿಗೆ ಹೋಗುತ್ತವೆ. ಲ್ಯಾಂಡ್‌ಲೈನಿನಲ್ಲಿ ಹಸಿರು ಬಟನ್ ಇಲ್ಲ. ರಿಸೀವರ್ ಎತ್ತಿದರೆ ಡಯಲ್ ಟೋನ್. ಮೊದಲ ಅಂಕೆ ಒತ್ತಿದ ಕೂಡಲೇ ಅದು ಎಕ್ಸ್‌ಚೇಂಜಿಗೆ ತಲುಪಿಯಾಯಿತು. ನೀವು ಇನ್ನು ಎಷ್ಟು ಅಂಕೆ ಒತ್ತುತ್ತೀರಿ, ಯಾವಾಗ ನಿಲ್ಲಿಸುತ್ತೀರಿ ಎಂದು ಅದಕ್ಕೆ ಯಾರೂ ಹೇಳುವುದಿಲ್ಲ. ಮೊದಲ ಅಂಕೆ ನೋಡಿ ಅದೇ ತೀರ್ಮಾನ ಮಾಡಬೇಕು.

ಮಂಗಳೂರಿನ ಒಂದು ಮನೆಯಿಂದ 2 ಒತ್ತಿದರೆ ಇದು ಲೋಕಲ್ ಕಾಲ್, ಇನ್ನು ಆರು ಅಂಕೆ ಬರುತ್ತದೆ ಎಂದು ಕಾಯುತ್ತದೆ. 1 ಒತ್ತಿದರೆ 100, 101, 108, 112ರಂಥ ಸೇವೆಯ ನಂಬರ್, ಮೂರ‍್ನಾಲ್ಕು ಅಂಕೆಗೆ ಮುಗಿಯಬಹುದು. 0 ಒತ್ತಿದರೆ ಊರ ಹೊರಗಿನ ಕಾಲ್, ಮುಂದೆ ಎಸ್‌ಟಿಡಿ ಕೋಡ್ ಬರಲಿದೆ.

ಹಾಗಾಗಿ ಮಂಗಳೂರಿನ ಯಾವ ಮನೆಯ ನಂಬರೂ 0ಯಿಂದಾಗಲಿ 1ರಿಂದಾಗಲಿ ಶುರುವಾಗುವಂತಿಲ್ಲ. ಏಳು ಅಂಕೆಯಲ್ಲಿ ಲೆಕ್ಕಕ್ಕೆ ಒಂದು ಕೋಟಿ ನಂಬರ್ ಸಿಗುತ್ತದೆ. ಮೊದಲ ಅಂಕೆ 0 ಮತ್ತು 1 ಬಿಟ್ಟಾಗ ಇಪ್ಪತ್ತು ಲಕ್ಷ ಅಲ್ಲೇ ಹೋಯಿತು. ಇದು ದಂಡವಲ್ಲ. ಉಳಿದ ನಂಬರ್‌ಗಳು ಗೊಂದಲ ಇಲ್ಲದೆ ಕೆಲಸ ಮಾಡಲು ಕೊಡುವ ಬೆಲೆ. ಆದರೆ ಬಲಗಡೆಯ ಒಂದು ಅಂಕೆ ಬಿಟ್ಟರೆ ಒಂದು ನಂಬರ್ ಹೋಗುತ್ತದೆ, ಎಡಗಡೆಯ ಒಂದು ಅಂಕೆ ಬಿಟ್ಟರೆ ಹತ್ತು ಲಕ್ಷ ಹೋಗುತ್ತದೆ. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸಲೀಸು.

ಈ ಪದ್ಧತಿ ಹಳೆಯ ಯಂತ್ರದಿಂದ ಬಂದದ್ದು. 1891ರಲ್ಲಿ ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬವರು ತಾನೇ ಲೈನ್ ಜೋಡಿಸುವ ಸ್ವಿಚ್‌ಗೆ ಪೇಟೆಂಟ್ ಪಡೆದರು. ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು ಅವರ ವೃತ್ತಿ. ಅವರ ಹೆಸರಿನ ಸ್ವಿಚ್‌ಗಳನ್ನು ಜಗತ್ತಿನ ತುಂಬ ಬಳಸಿದರು, ನಮ್ಮ ದೇಶದಲ್ಲೂ ಬಹಳ ಕಾಲ ಇದ್ದವು. ಡಯಲ್ ತಿರುಗಿಸುವ ಫೋನಿನಲ್ಲಿ 4 ತಿರುಗಿಸಿದರೆ ಕಟ್ ಕಟ್ ಎಂದು ನಾಲ್ಕು ಸಲ ಕರೆಂಟ್ ತುಂಡಾಗುತ್ತದೆ. ಎಕ್ಸ್‌ಚೇಂಜಿನಲ್ಲಿ ಸ್ವಿಚ್ಚಿನ ತೋಳು ನಾಲ್ಕು ಮೆಟ್ಟಿಲು ಮೇಲೆ ಏರುತ್ತದೆ. 7 ತಿರುಗಿಸಿದರೆ ಏಳು ಮೆಟ್ಟಿಲು. ಸೊನ್ನೆಗೆ ಹತ್ತು. ಆ ಮೆಟ್ಟಿಲಿನಲ್ಲಿ ಮುಂದಿನ ಸ್ವಿಚ್ಚಿಗೆ ಹೋಗುವ ಖಾಲಿ ತಂತಿ ಹುಡುಕಿ, ಅಲ್ಲಿ ಮುಂದಿನ ಅಂಕೆಗೆ ಕಾಯುತ್ತದೆ. ಕೊನೆಯ ಸ್ವಿಚ್ ಮಾತ್ರ ಎರಡು ಅಂಕೆ ತೆಗೆದುಕೊಳ್ಳುತ್ತದೆ: ಒಂದಕ್ಕೆ ಮೇಲೆ ಏರುತ್ತದೆ, ಇನ್ನೊಂದಕ್ಕೆ ಅಡ್ಡ ತಿರುಗುತ್ತದೆ. ಹತ್ತು ಮೆಟ್ಟಿಲು, ಒಂದೊಂದರಲ್ಲಿ ಹತ್ತು ಲೈನ್, ಒಟ್ಟು ನೂರು ಮನೆ.

ಇಂಥ ಎಕ್ಸ್‌ಚೇಂಜಿನಲ್ಲಿ ನಂಬರ್ ಎಂಬುದು ಬರೀ ಗುರುತು ಅಲ್ಲ, ತಂತಿ ಹೋಗುವ ದಾರಿಯೇ ಅದು. ದಾರಿ ಬದಲಾಗದೆ ನಂಬರ್ ಬದಲಾಗುವುದಿಲ್ಲ. ಮನೆ ಬದಲಿಸಿ ಬೇರೆ ಎಕ್ಸ್‌ಚೇಂಜಿನ ವ್ಯಾಪ್ತಿಗೆ ಹೋದರೆ ನಂಬರ್ ಬಿಟ್ಟುಕೊಡಬೇಕಾಗುತ್ತಿದ್ದದ್ದು ಇದಕ್ಕೇ.

ಆಮೇಲೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂತು. 1984ರಲ್ಲಿ ಶುರುವಾದ ಸರಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದೇ 128 ಪೋರ್ಟಿನ ಪುಟ್ಟ ಎಕ್ಸ್‌ಚೇಂಜ್ ಮಾಡಿತು. ಅದರ ಮೊದಲನೆಯದನ್ನು 1986ರಲ್ಲಿ ಹಾಕಿದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿ. ಯಂತ್ರ ಬದಲಾಯಿತು, ಎಡದಿಂದ ಬಲಕ್ಕೆ ಓದುವ ಕ್ರಮ ಹಾಗೇ ಉಳಿಯಿತು.

ಎಕ್ಸ್‌ಚೇಂಜಿಗೊಂದು ಪ್ರಿಫಿಕ್ಸ್

ನಗರ ದೊಡ್ಡದಾದಾಗ ಒಂದೇ ಎಕ್ಸ್‌ಚೇಂಜ್ ಸಾಕಾಗುವುದಿಲ್ಲ. ಬೇರೆ ಬೇರೆ ಬಡಾವಣೆಗೆ ಬೇರೆ ಬೇರೆ ಎಕ್ಸ್‌ಚೇಂಜ್ ಬೇಕು. ಒಂದೊಂದಕ್ಕೂ ಎಡಗಡೆಯ ಕೆಲವು ಅಂಕೆಗಳನ್ನು ಗೊತ್ತು ಮಾಡುತ್ತಾರೆ. ಅದೇ ಪ್ರಿಫಿಕ್ಸ್. ಮಂಗಳೂರಿನಲ್ಲಿ 247 ಎಂದರೆ ಸುರತ್ಕಲ್ ಕಡೆ. ಅಲ್ಲಿನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಗೆ ಫೋನ್ ಮಾಡಿದವರಿಗೆ ಇದು ಬಾಯಿಪಾಠ. 225 ಬಜಪೆ ಕಡೆ, ವಿಮಾನ ನಿಲ್ದಾಣದ ನಂಬರ್ ಹಾಗೆ ಶುರುವಾಗುತ್ತದೆ. 228 ಎಂದರೆ ಕೊಣಾಜೆ, ವಿಶ್ವವಿದ್ಯಾನಿಲಯ. ಎಸ್‌ಟಿಡಿ ಬೂತಿನ ಕಾಲದಲ್ಲಿ ನಂಬರ್ ಕೇಳಿದ ಕೂಡಲೇ "ಇದು ಸುರತ್ಕಲ್ ಕಡೆಯದ್ದು ಅಲ್ವಾ" ಎಂದು ಹೇಳುವವರು ಇದ್ದರು. ಅವರಿಗೆ ಗೊತ್ತಿದ್ದದ್ದು ಈ ಪ್ರಿಫಿಕ್ಸ್.

ಪ್ರಿಫಿಕ್ಸ್ ನಂತರ ನಾಲ್ಕು ಅಂಕೆ ಉಳಿಯುತ್ತದೆ. ಅಂದರೆ ಒಂದು ಪ್ರಿಫಿಕ್ಸಿಗೆ ಹತ್ತು ಸಾವಿರ ನಂಬರ್. ಒಂದು ಎಕ್ಸ್‌ಚೇಂಜಿನಲ್ಲಿ ನಾನೂರು ಮನೆಗೆ ಮಾತ್ರ ಫೋನ್ ಇದ್ದರೂ ಉಳಿದ ಒಂಬತ್ತು ಸಾವಿರದ ಆರುನೂರು ನಂಬರನ್ನು ಬೇರೆ ಕಡೆ ಕೊಡಲು ಆಗುತ್ತಿರಲಿಲ್ಲ. ಮದುವೆ ದಿಬ್ಬಣಕ್ಕೆ ಇಡೀ ಬಸ್ಸು ಬುಕ್ ಮಾಡಿದ ಹಾಗೆ. ಒಳಗೆ ಹತ್ತೇ ಜನ ಇದ್ದರೂ ದಾರಿಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿಕೊಳ್ಳುವುದಿಲ್ಲ. ಹೀಗೆ ಖಾಲಿ ಸೀಟು ತುಂಬ ಇದ್ದರೂ ಬಸ್ಸು ಸಿಗುವುದಿಲ್ಲ.

ನಂಬರ್ ಕೊರತೆ ಎಂದರೆ ಮುಖ್ಯವಾಗಿ ಇದೇ. ಆಧುನಿಕ ಎಕ್ಸ್‌ಚೇಂಜಿಗೆ ಸಾವಿರದ, ನೂರರ ತುಂಡಾಗಿ ಕೊಡಲು ಬರುತ್ತದೆ. ಆದರೆ ಹಿಂದೆ ಹಂಚಿದ್ದನ್ನು ವಾಪಸ್ ತೆಗೆದುಕೊಳ್ಳುವುದು ಕಷ್ಟ. ಪ್ರತಿ ತುಂಡಿನಲ್ಲೂ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ.

ಎಡಕ್ಕೆ 2 ಯಾಕೆ ಬಂತು

2000ದ ದಶಕದ ಶುರುವಿನಲ್ಲಿ ದೇಶದ ಲ್ಯಾಂಡ್‌ಲೈನ್ ನಂಬರ್‌ಗಳಿಗೆ 2 ಸೇರಿದ್ದಕ್ಕೂ ಇದೇ ಕಾರಣ. ಅದುವರೆಗೆ ಲ್ಯಾಂಡ್‌ಲೈನ್ ಎಂದರೆ ಹೆಚ್ಚೂಕಡಿಮೆ ಸರಕಾರದ್ದೇ. 2000ದ ಅಕ್ಟೋಬರ್ 1ರಂದು ದೂರಸಂಪರ್ಕ ಇಲಾಖೆಯ ಆ ಕೆಲಸವನ್ನು ಹೊಸದಾಗಿ ಹುಟ್ಟಿದ ಬಿಎಸ್‌ಎನ್‌ಎಲ್ ವಹಿಸಿಕೊಂಡಿತು. ಅದೇ ಹೊತ್ತಿಗೆ ಖಾಸಗಿ ಕಂಪನಿಗಳೂ ಲ್ಯಾಂಡ್‌ಲೈನ್ ಕೊಡಲು ಬಂದವು. ಅವರಿಗೆ ನಂಬರ್ ಎಲ್ಲಿಂದ ಕೊಡುವುದು? ಮಂಗಳೂರಿನ ಆರು ಅಂಕೆಯ ನಂಬರ್‌ಗಳು 2ರಿಂದಲೂ ಶುರುವಾಗುತ್ತಿದ್ದವು, 4ರಿಂದಲೂ ಶುರುವಾಗುತ್ತಿದ್ದವು. ಉಡುಪಿಯಲ್ಲಿ 5ರಿಂದ. ಎಡಗಡೆಯ ಜಾಗ ಹರಿದು ಹಂಚಿಹೋಗಿತ್ತು.

ಆಗ ಸರಕಾರ ಮಾಡಿದ ಉಪಾಯ ನನಗೆ ತುಂಬ ಇಷ್ಟ. ಹಳೆಯ ನಂಬರ್‌ಗಳಿಗೆಲ್ಲ ಎಡಕ್ಕೆ ಒಂದು 2 ಸೇರಿಸಿ, ಅಷ್ಟನ್ನೂ 2ರ ಕೆಳಗೆ ತಂದರು. ಒಂದೇ ಏಟಿಗೆ 3, 4, 5, 6 ಖಾಲಿಯಾಯಿತು. ಹೊಸ ಕಂಪನಿಗಳಿಗೆ ಆ ಅಂಕೆಗಳನ್ನು ಕೊಟ್ಟರು. ಯಾರ ಹಳೆಯ ನಂಬರೂ ಕಳೆದುಹೋಗಲಿಲ್ಲ. ಡೈರಿಯಲ್ಲಿ ಬರೆದ ನಂಬರಿನ ಮೊದಲು ಒಂದು 2 ಸೇರಿಸಿಕೊಂಡರೆ ಆಯಿತು. ಬೋರ್ಡಿಗೂ ಹಾಗೇ. ಹೊರಗಿನಿಂದ ನೋಡಿದವರಿಗೆ ಅಂಕೆ ಜಾಸ್ತಿಯಾದದ್ದು ಮಾತ್ರ ಕಂಡಿತು. ನಿಜವಾದ ಕೆಲಸ ಎಡಗಡೆಯ ಜಾಗ ತೆರವು ಮಾಡಿದ್ದು.

ಇದನ್ನು ಲಂಡನ್ ಜೊತೆ ಹೋಲಿಸಿ ನೋಡಿ. ಅಲ್ಲಿ ಕೋಡ್ 01 ಇತ್ತು. 1990ರಲ್ಲಿ ನಗರವನ್ನು ಎರಡು ಮಾಡಿ 071 ಮತ್ತು 081 ಎಂದರು. 1995ರಲ್ಲಿ ಅದು 0171, 0181 ಆಯಿತು. 2000ದಲ್ಲಿ ಎರಡನ್ನೂ ಸೇರಿಸಿ 020 ಮಾಡಿದರು. ಹತ್ತು ವರ್ಷದಲ್ಲಿ ಮೂರು ಸಲ ಅಂಗಡಿಯವರು ಬೋರ್ಡ್ ಬರೆಸಬೇಕಾಯಿತು.

08252 ಎಲ್ಲಿ ಹೋಯಿತು

ಎಸ್‌ಟಿಡಿ ಕೋಡಿಗೂ ಇದೇ ನಿಯಮ. ನಮ್ಮ ಕರಾವಳಿಯ ಕೋಡುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಚಂದದ ವಿಷಯ ಕಾಣುತ್ತದೆ.

ಮೊದಲ ಸೊನ್ನೆ ಕೋಡಿನ ಭಾಗ ಅಲ್ಲ. ಅದು ಊರ ಹೊರಗೆ ಹೋಗುವ ಗುರುತು ಮಾತ್ರ. ಅದಕ್ಕೇ ಹೊರದೇಶದಿಂದ ಮಾಡುವಾಗ 91 ಹಾಕಿ ಸೊನ್ನೆ ಬಿಡುತ್ತಾರೆ. ಉಳಿದದ್ದು 82 ಎಂದು ಶುರು. ಮುಂದೆ 0 ಬಂದರೆ ಉಡುಪಿ, 1 ಬಂದರೆ ಮೈಸೂರು, 4 ಬಂದರೆ ಮಂಗಳೂರು. ಇವರಿಗೆ ಮೂರು ಅಂಕೆಗೇ ಕೋಡ್ ಮುಗಿಯಿತು. 5 ಬಂದರೆ ಅಲ್ಲಿಗೇ ಮುಗಿಯುವುದಿಲ್ಲ, ಇನ್ನೊಂದು ಅಂಕೆ ಬೇಕು. 8251 ಪುತ್ತೂರು, 8253 ಹೆಬ್ರಿ, 8254 ಕುಂದಾಪುರ, 8255 ಬಂಟ್ವಾಳ, 8256 ಬೆಳ್ತಂಗಡಿ, 8257 ಸುಳ್ಯ, 8258 ಕಾರ್ಕಳ. ಧರ್ಮಸ್ಥಳಕ್ಕೆ ಬೆಳ್ತಂಗಡಿಯ ಕೋಡ್, ಕುಕ್ಕೆ ಸುಬ್ರಹ್ಮಣ್ಯಕ್ಕೆ ಸುಳ್ಯದ್ದು, ಕೊಲ್ಲೂರಿಗೆ ಕುಂದಾಪುರದ್ದು. ನಡುವೆ ಬಿಟ್ಟುಹೋದ 8252 ಉಡುಪಿಯ ಹಳೆಯ ಜಾಗ. ಮುಂದೆ 826ರಲ್ಲಿ ಚಿಕ್ಕಮಗಳೂರು ಕಡೆಯ ಊರುಗಳು, 827ರಲ್ಲಿ ಕೊಡಗು.

ಮಂಗಳೂರಿಗೆ 824 ಕೊಟ್ಟ ಮೇಲೆ 8240ರಿಂದ 8249ರವರೆಗಿನ ಹತ್ತು ಕೋಡುಗಳನ್ನು ಯಾವ ತಾಲೂಕಿಗೂ ಕೊಡಲಾಗದು. ಕೊಟ್ಟರೆ 824 ಓದಿದ ಎಕ್ಸ್‌ಚೇಂಜಿಗೆ ಕೋಡ್ ಮುಗಿಯಿತೋ ಇಲ್ಲವೋ ತಿಳಿಯುವುದಿಲ್ಲ. ಬೆಂಗಳೂರಿನ 80 ಎರಡೇ ಅಂಕೆಯದ್ದು. ಅದು ಒಂದೇ ನೂರು ತಾಲೂಕುಗಳ ಕೋಡ್ ನುಂಗಿದೆ. ಚಿಕ್ಕ ಕೋಡ್ ಎಂದರೆ ದೊಡ್ಡ ಜಾಗ.

ಇದಕ್ಕೆ ಬದಲಾಗಿ ಸಿಗುವುದು ಬಲಗಡೆಯ ಅಂಕೆಗಳು. ನಮ್ಮ ದೇಶದಲ್ಲಿ ಕೋಡ್ ಮತ್ತು ನಂಬರ್ ಸೇರಿ ಹತ್ತು ಅಂಕೆ ಆಗಬೇಕು. ಬೆಂಗಳೂರಿಗೆ ಎರಡು ಮತ್ತು ಎಂಟು. ಮಂಗಳೂರು, ಉಡುಪಿಗೆ ಮೂರು ಮತ್ತು ಏಳು. ಪುತ್ತೂರು, ಕಾರ್ಕಳಕ್ಕೆ ನಾಲ್ಕು ಮತ್ತು ಆರು. ಉಡುಪಿ 8252 ಬಿಟ್ಟು 820 ಪಡೆದದ್ದರಿಂದ ಕೋಡಿನಲ್ಲಿ ಒಂದು ಅಂಕೆ ಉಳಿಯಿತು, ಅದು ನಂಬರಿಗೆ ಹೋಯಿತು. ಆರು ಅಂಕೆ ಏಳಾಗಲು ಜಾಗ ಸಿಕ್ಕಿದ್ದು ಹಾಗೆ. ಊರು ಬೆಳೆದಾಗ ಕೋಡ್ ಚಿಕ್ಕದಾಗುತ್ತದೆ ಎಂಬುದು ಮೊದಲ ನೋಟಕ್ಕೆ ವಿಚಿತ್ರ, ಲೆಕ್ಕ ನೋಡಿದರೆ ಸರಿಯಾಗಿದೆ.

ಈ ಗಡಿಗಳು ಜಿಲ್ಲೆಯ ಗಡಿಗಳಲ್ಲ ಎಂಬುದೂ ನೆನಪಿರಲಿ. ದೇಶದಲ್ಲಿ ಸುಮಾರು 2,600 ಎಸ್‌ಟಿಡಿ ಕೋಡ್ ಪ್ರದೇಶಗಳಿವೆ. ಅವನ್ನು ಕಾಲ್ ಚಾರ್ಜಿನ ಲೆಕ್ಕಕ್ಕೆ ಮಾಡಿದ್ದು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಮೂಡುಬಿದಿರೆ ದಕ್ಷಿಣ ಕನ್ನಡದಲ್ಲೇ ಉಳಿಯಿತು, ಆದರೆ ಅದರ ಕೋಡ್ ಉಡುಪಿ ಜಿಲ್ಲೆಯ ಕಾರ್ಕಳದ 08258.

ಅಮೆರಿಕದಲ್ಲಿ ಏನಾಯಿತು

ನಂಬರ್ ಕೊರತೆ ದೊಡ್ಡ ತಲೆನೋವಾದದ್ದು ಅಮೆರಿಕದಲ್ಲಿ. 1947ರಲ್ಲಿ ಅಮೆರಿಕ, ಕೆನಡಾ ಸೇರಿಸಿ 86 ಏರಿಯಾ ಕೋಡ್ ಮಾಡಿದರು. ಎಲ್ಲವೂ ಮೂರು ಅಂಕೆ, ಹಾಗಾಗಿ ನಂಬರ್ ಎಲ್ಲೆಡೆ ಏಳು ಅಂಕೆ. ನಮ್ಮ ಹಾಗೆ ಊರಿಗೆ ತಕ್ಕಂತೆ ಉದ್ದ ಬದಲಿಸುವ ಅವಕಾಶ ಅಲ್ಲಿಲ್ಲ. ಕೋಡಿನ ನಡುವಿನ ಅಂಕೆ 0 ಅಥವಾ 1 ಆಗಿರಬೇಕು, ಊರಿನ ಎಕ್ಸ್‌ಚೇಂಜ್ ಪ್ರಿಫಿಕ್ಸಿನ ನಡುವಿನ ಅಂಕೆ 0 ಅಥವಾ 1 ಆಗಿರಬಾರದು. ಎರಡನೇ ಅಂಕೆ ಓದಿದ ಕೂಡಲೇ ಯಂತ್ರಕ್ಕೆ ಇದು ಕೋಡೋ ಪ್ರಿಫಿಕ್ಸೋ ಎಂದು ಗೊತ್ತಾಗುತ್ತಿತ್ತು. ಡಯಲ್ ತಿರುಗಿಸುವ ಕಾಲವಾದ್ದರಿಂದ ಜನ ಜಾಸ್ತಿ ಇದ್ದ ನಗರಗಳಿಗೆ ಬೇಗ ತಿರುಗುವ ಅಂಕೆ ಕೊಟ್ಟರು: ನ್ಯೂಯಾರ್ಕಿಗೆ 212, ಲಾಸ್ ಏಂಜಲಿಸ್‌ಗೆ 213, ಶಿಕಾಗೊಗೆ 312.

ಜಾಣತನದ ಯೋಜನೆ. ಆದರೆ ಇದರಲ್ಲಿ ಒಂದು ಕೋಡಿನ ಒಳಗೆ ಸಿಗುವುದು 640 ಪ್ರಿಫಿಕ್ಸ್ ಮಾತ್ರ. ಮೊದಲ ಅಂಕೆಗೆ ಎಂಟು ಆಯ್ಕೆ, ಎರಡನೆಯದಕ್ಕೆ ಎಂಟು, ಮೂರನೆಯದಕ್ಕೆ ಹತ್ತು. ಮುಂದೆ ನಡುವಿನ ಅಂಕೆಯ ನಿಯಮ ಸಡಿಲಿಸಿ 792ಕ್ಕೆ ಏರಿಸಿದರು. ಕೋಡುಗಳೂ ಖಾಲಿಯಾದಾಗ 1995ರಲ್ಲಿ ನಡುವೆ ಬೇರೆ ಅಂಕೆ ಇರುವ ಕೋಡ್ ಶುರು ಮಾಡಿದರು. ಅಲಬಾಮಾದ 334, ವಾಷಿಂಗ್ಟನ್ ರಾಜ್ಯದ 360 ಆ ಸಾಲಿನ ಮೊದಲಿನವು.

ಅದರ ಹಿಂದೆಯೇ 1996ರ ಕಾಯ್ದೆ ಲೋಕಲ್ ಫೋನ್ ಸೇವೆಯನ್ನು ಸ್ಪರ್ಧೆಗೆ ತೆರೆಯಿತು. ಇಲ್ಲಿ ಎಡಗಡೆಯ ಸಮಸ್ಯೆ ಸ್ಪಷ್ಟವಾಗಿ ಕಾಣುತ್ತದೆ. ಒಂದು ಕೋಡಿನಲ್ಲಿ ಕಾಲ್ ಚಾರ್ಜಿನ ಲೆಕ್ಕಕ್ಕೆ ಮೂವತ್ತು ಊರು ಇದೆ ಎಂದಿಟ್ಟುಕೊಳ್ಳಿ. ಹೊಸ ಕಂಪನಿ ಎಲ್ಲ ಊರಿನಲ್ಲೂ ಲೋಕಲ್ ನಂಬರ್ ಕೊಡಬೇಕಾದರೆ ಪ್ರತಿ ಊರಿಗೂ ಒಂದು ಪ್ರಿಫಿಕ್ಸ್ ಬೇಕು. ಅಂದರೆ ಮೂವತ್ತು ಪ್ರಿಫಿಕ್ಸ್, ಮೂರು ಲಕ್ಷ ನಂಬರ್. ಗ್ರಾಹಕರು ಐನೂರು ಜನ ಇರಬಹುದು. ಇಂಥ ಹತ್ತು ಕಂಪನಿ ಬಂದರೆ 300 ಪ್ರಿಫಿಕ್ಸ್ ಹೋಯಿತು. 79 ಲಕ್ಷ ನಂಬರ್ ಹಿಡಿಸುವ ಕೋಡಿನಲ್ಲಿ ಐದು ಸಾವಿರ ಜನರಿಗಾಗಿ ಮೂವತ್ತು ಲಕ್ಷ ನಂಬರ್ ಕಟ್ಟಿಹಾಕಿದ ಹಾಗಾಯಿತು.

ಅಲ್ಲಿ ಎರಡು ದಾರಿ ಹಿಡಿದರು. ಒಂದು, ಪ್ರದೇಶವನ್ನೇ ಒಡೆದು ಅರ್ಧಕ್ಕೆ ಹೊಸ ಕೋಡ್ ಕೊಡುವುದು. ಅರ್ಧ ಜನರ ನಂಬರ್ ಬದಲಾಗುತ್ತದೆ, ವಿಸಿಟಿಂಗ್ ಕಾರ್ಡಿನಿಂದ ಹಿಡಿದು ವ್ಯಾನಿನ ಮೇಲಿನ ಬರಹದವರೆಗೆ ಖರ್ಚು. ಇನ್ನೊಂದು, ಅದೇ ಪ್ರದೇಶದ ಮೇಲೆ ಎರಡನೇ ಕೋಡ್ ಹೇರುವುದು. 1992ರಲ್ಲಿ ನ್ಯೂಯಾರ್ಕಿಗೆ 917 ಬಂದದ್ದು ಹೀಗೆ. ಯಾರ ನಂಬರೂ ಬದಲಾಗುವುದಿಲ್ಲ. ಆದರೆ ಎದುರು ಮನೆಗೆ ಬೇರೆ ಕೋಡ್ ಇರಬಹುದು, ಹಾಗಾಗಿ ಲೋಕಲ್ ಕಾಲಿಗೂ ಹತ್ತು ಅಂಕೆ ಒತ್ತಬೇಕಾಗುತ್ತದೆ. ಎರಡರಲ್ಲಿ ನನ್ನ ಮಟ್ಟಿಗೆ ಎರಡನೆಯದೇ ವಾಸಿ. ಇದ್ದ ನಂಬರ್ ಕಳೆದುಕೊಳ್ಳುವುದಕ್ಕಿಂತ ಮೂರು ಅಂಕೆ ಜಾಸ್ತಿ ಒತ್ತುವುದು ಸಣ್ಣ ಕಷ್ಟ.

ಇದಕ್ಕಿಂತಲೂ ಸರಿಯಾದ ಮದ್ದು ಆಮೇಲೆ ಬಂತು. ಹತ್ತು ಸಾವಿರದ ಬದಲು ಸಾವಿರದ ತುಂಡು ಮಾಡಿ ಕಂಪನಿಗಳಿಗೆ ಹಂಚಿದರು. ಬಳಸದ ತುಂಡು ವಾಪಸ್ ಕೊಡಬೇಕು.

ಮೊಬೈಲ್ ಎಲ್ಲಿ ಜಾಗ ಹುಡುಕಿತು

ಭಾರತದ ಮೊದಲ ಮೊಬೈಲ್ ಕಾಲ್ 1995ರ ಜುಲೈ 31ರಂದು. ಮೊಬೈಲಿಗೆ 9ರಿಂದ ಶುರುವಾಗುವ ಹತ್ತು ಅಂಕೆ ಕೊಟ್ಟರು. ಲ್ಯಾಂಡ್‌ಲೈನಿನಿಂದ ಊರಿನ ಮೊಬೈಲಿಗೆ ನೇರ 9 ಒತ್ತಬಹುದಿತ್ತು. ಅಂದರೆ ಇನ್ನು ಯಾವ ಊರಿನ ಲ್ಯಾಂಡ್‌ಲೈನೂ 9ರಿಂದ ಶುರುವಾಗುವಂತಿಲ್ಲ. ಮೊಬೈಲಿಗೆ 8, 7 ಕೊಟ್ಟಾಗ ಅವೂ ಹೋದವು. ಆಗ ಏಳು ಅಂಕೆಯ ಮಂಗಳೂರಿಗೆ ಉಳಿದದ್ದು 2ರಿಂದ 6, ಅಂದರೆ ಒಂದು ಕೋಟಿಯಲ್ಲಿ ಐವತ್ತು ಲಕ್ಷ.

9ರ ಒಳಗೂ ಪೈಪೋಟಿ ಇತ್ತು. 96 ಪೇಜರಿನವರದ್ದಾಗಿತ್ತು (ಚುಟುಕು ಸಂದೇಶ ಮಾತ್ರ ಬರುತ್ತಿದ್ದ ಪುಟ್ಟ ಸಾಧನ ಪೇಜರ್). 95ಕ್ಕೆ ಬೇರೆಯೇ ಕೆಲಸ. ರಾಜ್ಯದೊಳಗಿನ ಎಸ್‌ಟಿಡಿ ಅಗ್ಗ ಮಾಡಿದಾಗ ಸೊನ್ನೆಯ ಬದಲು 95 ಹಾಕಬೇಕಿತ್ತು. ಮಂಗಳೂರಿನಿಂದ ಉಡುಪಿಗೆ 95820, ಮೈಸೂರಿಗೆ 95821. ಲ್ಯಾಂಡ್‌ಲೈನ್ ಬಳಸಿದವರಿಗೆ ನೆನಪಿರಬಹುದು. ಹತ್ತು ಕೋಟಿ ಮೊಬೈಲ್ ನಂಬರ್ ಹಿಡಿಸುವ ಜಾಗ ಬರೀ ಕಾಲ್ ಚಾರ್ಜಿನ ಗುರುತಿಗಾಗಿ ಹೋಗಿತ್ತು. ಆ ಪದ್ಧತಿ ನಿಲ್ಲಿಸಿದ ಮೇಲೆ 95, ಪೇಜರ್ ಹೋದ ಮೇಲೆ 96, ಎರಡೂ ಮೊಬೈಲಿಗೆ ಬಂದವು.

ಇನ್ನೂ ಸೂಕ್ಷ್ಮವಾದ ಹಂಚಿಕೆ 8ರಲ್ಲಿ ಆಯಿತು. 821 ಮೈಸೂರಿನ ಕೋಡ್. ಆದರೆ 8217 ಎಂದು ಶುರುವಾಗುವ ಮೊಬೈಲ್ ನಂಬರ್ ಕರ್ನಾಟಕದಲ್ಲಿ ಬೇಕಾದಷ್ಟು ಇವೆ. ಡಿಕ್ಕಿ ಆಗುವುದಿಲ್ಲವೇ? ಇಲ್ಲ. ಮೈಸೂರಿನ ಲ್ಯಾಂಡ್‌ಲೈನ್ 7ರಿಂದ ಶುರುವಾಗುವಂತಿಲ್ಲವಲ್ಲ. ಹಾಗಾಗಿ 821ರ ನಂತರ 7 ಬಂದರೆ ಅದು ಮೊಬೈಲೇ. ಮಂಗಳೂರಿನ 824 ಕೂಡ ಹೀಗೇ ಹಂಚಿಹೋಗಿದೆ. 824ರ ನಂತರ 2 ಬಂದರೆ ಇಲ್ಲಿನ ಲ್ಯಾಂಡ್‌ಲೈನ್. 8240, 8247, 8248, 8249 ದೇಶದ ಬೇರೆ ಬೇರೆ ಭಾಗದ ಮೊಬೈಲ್ ನಂಬರ್‌ಗಳು. ಲ್ಯಾಂಡ್‌ಲೈನ್ ಬಳಸಲಾರದೆ ಬಿಟ್ಟ ಜಾಗವನ್ನು ಮೊಬೈಲಿಗೆ ಕೊಟ್ಟಿದ್ದಾರೆ.

ಇದರಿಂದ ದಿನನಿತ್ಯ ಒಂದು ಗೊಂದಲ ಆಗುತ್ತದೆ. ಮೊಬೈಲಿನಲ್ಲಿ +91 8242 ಎಂದು ಕಾಲ್ ಬಂದರೆ ಎಷ್ಟೋ ಜನ ಗೊತ್ತಿಲ್ಲದ ಮೊಬೈಲ್ ಎಂದು ಬಿಟ್ಟುಬಿಡುತ್ತಾರೆ. ಅದು ಮಂಗಳೂರಿನ ಲ್ಯಾಂಡ್‌ಲೈನ್. ಆಸ್ಪತ್ರೆಯೋ ಕಚೇರಿಯೋ ಆಗಿರಬಹುದು. 8202 ಎಂದರೆ ಉಡುಪಿಯದ್ದು. ಹಿರಿಯರಿಗೆ ಇದನ್ನು ಹೇಳಿಕೊಡಿ.

ಸೊನ್ನೆಯ ಬೆಲೆ

2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಮಾಡಿದರೂ ಮೊದಲು 0 ಹಾಕಬೇಕು. ಅದಕ್ಕೂ ಹಿಂದೆ ರಾಜ್ಯದ ಹೊರಗಿನ ಮೊಬೈಲಿಗೆ ಮಾತ್ರ ಸೊನ್ನೆ ಬೇಕಿತ್ತು. ಇದು ಬಂದಾಗ ಸುಮ್ನೆ ಒಂದು ಅಂಕೆ ಜಾಸ್ತಿ ಮಾಡಿದರು ಎಂದು ಗೊಣಗಿದವರು ಇದ್ದಾರೆ. ಇಷ್ಟು ಓದಿದವರಿಗೆ ಕಾರಣ ಈಗ ಗೊತ್ತಾಗಬೇಕು. ಮೊದಲು 0 ಬಂದರೆ ಎಕ್ಸ್‌ಚೇಂಜಿಗೆ ಇದು ಲೋಕಲ್ ನಂಬರ್ ಅಲ್ಲ ಎಂದು ಖಚಿತ. ಹಾಗಾಗಿ ಮೊಬೈಲ್ ನಂಬರ್ 2ರಿಂದ ಶುರುವಾದರೂ ಊರಿನ 2ರ ಜೊತೆ ಡಿಕ್ಕಿಯಾಗುವುದಿಲ್ಲ. ಈ ಒಂದು ಸೊನ್ನೆಯಿಂದ ಸುಮಾರು 254 ಕೋಟಿ ಹೊಸ ನಂಬರಿಗೆ ಜಾಗ ಆಗುತ್ತದೆ ಎಂದು ಸರಕಾರ ಲೆಕ್ಕ ಕೊಟ್ಟಿತು.

ಮೊಬೈಲ್ ನಂಬರ್ 11 ಅಂಕೆ ಆಗುತ್ತದೆ ಎಂಬ ಸುದ್ದಿ 2020ರ ಮೇ ತಿಂಗಳಲ್ಲಿ ಎಲ್ಲ ಕಡೆ ಹರಡಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ತಾನು ಹಾಗೆ ಶಿಫಾರಸು ಮಾಡಿಲ್ಲ, ಹತ್ತೇ ಅಂಕೆ ಮುಂದುವರಿಯುತ್ತದೆ ಎಂದು ಸ್ಪಷ್ಟಪಡಿಸಿತು. ಬ್ಯಾಂಕ್, ಆಧಾರ್, ರೇಷನ್ ಕಾರ್ಡ್, ಗ್ಯಾಸ್ ಬುಕಿಂಗ್, ಎಲ್ಲ ಕಡೆ ಹತ್ತು ಅಂಕೆಯ ಚೌಕ ಇದೆ. ಅಷ್ಟನ್ನೂ ಬದಲಿಸುವುದಕ್ಕಿಂತ ಲ್ಯಾಂಡ್‌ಲೈನಿನವರು ಒಂದು ಸೊನ್ನೆ ಒತ್ತುವುದು ಎಷ್ಟೋ ಮೇಲು.

ಮನುಷ್ಯರು ಬಳಸದ ಸಿಮ್‌ಗಳನ್ನು ಮಾತ್ರ ಬೇರೆ ಮಾಡಿದರು. ಕಾರ್ಡ್ ಉಜ್ಜುವ ಮೆಷಿನ್, ವಾಹನದ ಟ್ರ್ಯಾಕರ್, ಕರೆಂಟ್ ಮೀಟರ್ ಒಳಗೂ ಸಿಮ್ ಇರಬಹುದು. ಯಂತ್ರ ಯಂತ್ರಗಳ ನಡುವಿನ ಇಂಥ ಸಿಮ್‌ಗಳಿಗೆ 2018ರಿಂದ 13 ಅಂಕೆಯ ನಂಬರ್ ಇದೆ. ಜಗತ್ತಿನ ನಿಯಮದಂತೆ ದೇಶದ ಕೋಡ್ ಸೇರಿ ಯಾವ ಫೋನ್ ನಂಬರೂ 15 ಅಂಕೆ ದಾಟುವಂತಿಲ್ಲ. 91ರ ಎರಡು, ಮೇಲೆ 13, ಸರಿಯಾಗಿ 15.

ಬಿಟ್ಟುಹೋದ ನಂಬರ್‌ಗಳನ್ನು ಮತ್ತೆ ಕೊಡುವುದೂ ಈ ಲೆಕ್ಕದ ಭಾಗವೇ. ರದ್ದಾದ ಮೊಬೈಲ್ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ, ಆಮೇಲೆ ಕೊಡಬಹುದು. ಹಳೆಯ ಸಿಮ್ ಬಿಡುವ ಮೊದಲು ಬ್ಯಾಂಕಿನಲ್ಲಿ, ಆಧಾರಿನಲ್ಲಿ, ವಾಟ್ಸ್ಆ್ಯಪಿನಲ್ಲಿ ನಂಬರ್ ಬದಲಿಸಿಕೊಳ್ಳಬೇಕು ಎನ್ನುವುದು ಇದಕ್ಕೇ. ನಿಮ್ಮ ನಂಬರಿಗೆ ಇನ್ನೊಬ್ಬರ ಒಟಿಪಿ ಬರುತ್ತಿದ್ದರೆ ಅವರು ಬದಲಿಸದೇ ಬಿಟ್ಟಿರಬಹುದು.

ಲ್ಯಾಂಡ್‌ಲೈನಿನ ಕಥೆ ಇನ್ನೂ ಬಾಕಿ ಇದೆ. 2025ರ ಫೆಬ್ರವರಿಯಲ್ಲಿ ಟ್ರಾಯ್ ಹೊಸ ಶಿಫಾರಸು ಕೊಟ್ಟಿತು. ಎಸ್‌ಟಿಡಿ ಪ್ರದೇಶದ ಬದಲು ಇಡೀ ಸರ್ಕಲ್ಲನ್ನೇ (ಹೆಚ್ಚೂಕಡಿಮೆ ಒಂದು ರಾಜ್ಯದಷ್ಟು) ಒಂದು ಘಟಕವಾಗಿ ಮಾಡುವುದು, ಲ್ಯಾಂಡ್‌ಲೈನಿನಿಂದ ಲ್ಯಾಂಡ್‌ಲೈನಿಗೂ ಸೊನ್ನೆ ಹಾಕಿ ಹತ್ತು ಅಂಕೆ ಒತ್ತುವುದು. ಇದು ಜಾರಿಗೆ ಬಂದರೆ ಮಂಗಳೂರಿನೊಳಗೇ ಬಿಜೈಯ ಮನೆಯಿಂದ ಕದ್ರಿಯ ಮನೆಗೂ 0824 ಹಾಕಿಯೇ ಮಾಡಬೇಕು. ಇದ್ದ ನಂಬರ್ ಬದಲಾಗುವುದಿಲ್ಲ. ಕೆಲವು ಊರಿನಲ್ಲಿ ನಂಬರ್ ಸಾಲದೆ, ಕೆಲವು ಊರಿನಲ್ಲಿ ಲಕ್ಷಗಟ್ಟಲೆ ಬಿದ್ದಿರುವ ಸ್ಥಿತಿ ತಪ್ಪುತ್ತದೆ. ಸುಳ್ಯದಲ್ಲಿ ಬಳಕೆಯಾಗದ ನಂಬರ್ ಬೆಂಗಳೂರಿಗೂ ಉಪಯೋಗಕ್ಕೆ ಬರಬಹುದು. ನನಗೆ ಇದು ಸರಿಯಾದ ದಾರಿ ಎಂದೇ ಅನಿಸುತ್ತದೆ. ಲೋಕಲ್ ಕಾಲ್, ಎಸ್‌ಟಿಡಿ ಕಾಲ್ ಎಂಬ ಭೇದ ಮೊಬೈಲ್ ಬಿಲ್ಲಿನಲ್ಲಿ ಹೋಗಿ ವರ್ಷಗಳಾದವು. ನಂಬರಿನಲ್ಲಿ ಅದನ್ನು ಇಟ್ಟುಕೊಂಡು ಯಾರಿಗೂ ಲಾಭವಿಲ್ಲ.

ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು. ಅಂಗಡಿಯ ಬೋರ್ಡು, ದೇವಸ್ಥಾನದ ರಸೀದಿ, ಯಕ್ಷಗಾನದ ಹ್ಯಾಂಡ್‌ಬಿಲ್, ಮದುವೆ ಕಾಗದ, ಏನನ್ನು ಅಚ್ಚು ಹಾಕಿಸಿದರೂ ಲ್ಯಾಂಡ್‌ಲೈನ್ ನಂಬರನ್ನು ಬರೀ ಏಳು ಅಂಕೆಗೆ ನಿಲ್ಲಿಸಬೇಡಿ. 0824 ಅಥವಾ 0820 ಸೇರಿಸಿ ಬರೆಸಿ. ಮೊಬೈಲಿನಲ್ಲಿ ಸೇವ್ ಮಾಡುವಾಗ +91 ಹಾಕಿ, ಸೊನ್ನೆ ಬಿಟ್ಟು, 824ರಿಂದ ಶುರು ಮಾಡಿ. ಹಾಗಿದ್ದರೆ ದುಬೈಯಿಂದ ಮಾಡಿದರೂ ತಾಗುತ್ತದೆ, ಹಂಪನಕಟ್ಟೆಯಿಂದ ಮಾಡಿದರೂ ತಾಗುತ್ತದೆ.